ಹಳದಿಯಲ್ಲಿ ಮೂಡಿದ ಮುಖ

ಮತ್ತೊಂದು ಹಾಳೆಯಲ್ಲೂ ಅವನೇ ಬಂದ.

ಐರೀನಿ ಬಣ್ಣ ಎಳೆಯುವ ರಬ್ಬರ್ ಪಟ್ಟಿಯನ್ನು ಕೈಬಿಟ್ಟು ಹಿಂದಕ್ಕೆ ಸರಿದಳು. ಶನಿವಾರದ ಹಾಡಿನ ಕೂಟಕ್ಕೆಂದು ಅವಳು ಬರೆದದ್ದು ಒಂದು ದೊಡ್ಡ ಮಾವಿನಹಣ್ಣು, ಅದರ ಕೆಳಗೆ ಕೂಟದ ಹೊತ್ತು, ಅಷ್ಟೇ. ಆದರೆ ಹಣ್ಣಿನ ಹಳದಿಯ ನಡುವೆ, ಬಣ್ಣ ಸರಿಯಾಗಿ ಇಳಿಯದ ಕಡೆ, ಆ ಅಗಲ ಮೂಗು, ಅರ್ಧ ಮುಚ್ಚಿದ ಕಣ್ಣು, ಇನ್ನೇನು ನಗಲಿದ್ದ ತುಟಿ.

ಯಾಕೆಂದು ಗೊತ್ತಿಲ್ಲದೆ ಏನಿಲ್ಲ. ಮುದ್ರಿಸಿದ ದಿನವೇ ಸ್ಕ್ರೀನ್, ಅಂದರೆ ಬಣ್ಣ ಇಳಿಸುವ ತೆಳುಬಟ್ಟೆ ಬಿಗಿದ ಚೌಕಟ್ಟು, ತೊಳೆಯಬೇಕು. ಬಿಟ್ಟರೆ ಹಳೆಯ ಚಿತ್ರದ ಕಲೆ ಅದರ ತೆಳುಬಟ್ಟೆಯಲ್ಲಿ ಕೂತುಬಿಡುತ್ತದೆ. ಡಾರ್ವಿನ್ ಊರಿನ ಸೆಕೆಗೆ, ಅದರಲ್ಲೂ ಈ ತಗಡಿನ ಶೆಡ್ಡಿನಲ್ಲಿ, ಇನ್ನೂ ಬೇಗ. ಹೋದ ಮಳೆಗಾಲದಲ್ಲಿ ಆ ಹಾಡುಗಾರ ತೀರಿಕೊಂಡಾಗ ಅವನ ದೊಡ್ಡಮ್ಮ ವಿನ್ನಿ ಬಂದು, "ಅವನ ಪೋಸ್ಟರೆಲ್ಲ ತೆಗೆದುಬಿಡು. ನಮ್ ಬುಡಕಟ್ಟಲ್ಲಿ ಸತ್ತೋರ ಮುಖ ಕಾಣ್ಬಾರ್ದು, ಹೆಸರೂ ಬೇಡ," ಎಂದಿದ್ದಳು. ಐರೀನಿ ಊರೆಲ್ಲ ಸುತ್ತಿ ಕಿತ್ತು ತಂದಳು. ಅಂದಿನಿಂದ ಆ ಹೆಸರನ್ನು ಯಾರೂ ಎತ್ತಿಲ್ಲ. ನಾವೂ ಎತ್ತುವುದು ಬೇಡ. ಅವನ ಮುಖವಿದ್ದ ಸ್ಕ್ರೀನನ್ನು ಮಾತ್ರ ಅವಳು ಆಗ ತೊಳೆಯಲಿಲ್ಲ. ಪೋಸ್ಟರ್ ಬರೆಯಲು ಕಲಿತದ್ದೇ ಅವನ ಹಾಡಿನ ಕೂಟಗಳಿಗೆಂದು. ಮಳೆ ನಿಲ್ಲುವವರೆಗೂ ಅದನ್ನು ಗೋಡೆಗೆ ಆನಿಸಿ, ಎದುರಿಗೆ ಕೂತು ಚಹಾ ಕುಡಿದಳು. ಹುಚ್ಚಲ್ಲದೆ ಮತ್ತೇನು! ಆಮೇಲೆ ಉಜ್ಜಿ ತೊಳೆದಾಗ, ಹೋಯಿತು ಅಂದುಕೊಂಡಿದ್ದಳು.

"ಒಳಗಿದ್ದೀಯೇನೇ? ಮೀನು ತಂದಿದೀನಿ!"

ಬಾಗಿಲಲ್ಲಿ ವಿನ್ನಿಯ ದನಿ. ಐರೀನಿ ಹಾರಿಬಿದ್ದಳು. "ಬರ್ಬೇಡಿ ಆಂಟಿ! ಅಲ್ಲೇ ಇರಿ!"

"ಯಾಕೇ, ಯಾವನನ್ನ ಬಚ್ಚಿಟ್ಟಿದೀಯಾ?" ಮುದುಕಿ ನಗುತ್ತಲೇ ಹೊಸ್ತಿಲು ದಾಟಿದಳು.

ಐರೀನಿಗೆ ಅಳು ಬಂತು. ವಿನ್ನಿಯ ನಗು ನಿಂತಿತು. ಅವಳು ಮೀನಿನ ಚೀಲವನ್ನು ಕೆಳಗಿಟ್ಟು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಅವನಾ?"

"ಕಲೆ ಉಳಿದುಬಿಟ್ಟಿದೆ ಆಂಟಿ. ಆಗ್ಲೇ ತೊಳೆಯೋಕೆ ಕೈ ಬರ್ಲಿಲ್ಲ. ನನ್ ಹತ್ರ ಅವನದು ಬೇರೇನೂ ಇಲ್ಲ."

"ನೀನು ಹೀಗೆ ಹಿಡ್ಕೊಂಡು ಕೂತ್ರೆ ಅವನ ಜೀವ ತನ್ನ ನೆಲ ಸೇರೋದು ಹೇಗೇ? ಎತ್ತಿ ಆಡಿಸಿದೋಳು ನಾನು. ನಾನೇ ಬಿಟ್ಟಿದೀನಿ. ಹರಿದುಹಾಕು ಅದನ್ನ."

ಐರೀನಿ ಚಾಕು ತೆಗೆದುಕೊಂಡಳು. ಸ್ಕ್ರೀನಿನ ಅಂಚಿಗೆ ಒತ್ತಿದಳು.

"ತಡಿ," ಎಂದಳು ವಿನ್ನಿ. ಕಣ್ಣು ತೆರೆಯಲಿಲ್ಲ. "ಎಲ್ಲಿದಾನೆ, ತೋರ್ಸು."

ಐರೀನಿ ಅವಳ ಮಣಿಕಟ್ಟು ಹಿಡಿದು ಅಂಗೈಯನ್ನು ಬಣ್ಣ ಆರದ ಸ್ಕ್ರೀನಿನ ಬಟ್ಟೆಯ ಮೇಲಿಟ್ಟಳು. "ಇದು ಹಣೆ... ಇದು ಕೆನ್ನೆ."

ಅಂಗೈ ಮೆಲ್ಲಗೆ ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಗಲ್ಲಕ್ಕೆ ಸರಿಯಿತು. ಮತ್ತೆ ಮೇಲೆ ಹೋಯಿತು.

"ಏನೂ ಸಿಗ್ತಿಲ್ವಲ್ಲೇ," ಎಂದಳು ವಿನ್ನಿ. "ಬರೀ ಬಟ್ಟೆ."

ಆದರೂ ಕೈ ತೆಗೆಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಬೆನ್ನು ತಿರುಗಿಸಿ ನಿಂತು, "ಹೂಂ," ಎಂದಳು.

ಬಿಗಿದ ಬಟ್ಟೆ ಪರ್ರೆಂದು ಸೀಳಿತು. ಐರೀನಿ ಅಳುತ್ತಲೇ ಅದನ್ನು ಚಿಂದಿ ಮಾಡಿದಳು, ಹಾಳೆಗಳನ್ನೂ ಹರಿದಳು. "ಆಯ್ತು ಆಂಟಿ," ಎಂದು ಬಕೆಟ್ಟು ಸೋಪು ತಂದಿಟ್ಟಳು. "ಕೈ ತೊಳ್ಕೊಳ್ಳಿ."

ವಿನ್ನಿ ಕಣ್ಣು ತೆರೆದು ತನ್ನ ಅಂಗೈ ನೋಡಿಕೊಂಡಳು. ಗೆರೆಗೆರೆಯಲ್ಲೂ ಹಳದಿ.

"ಇರ್ಲಿ ಬಿಡು."

ಬಿಸಿಲಿನಲ್ಲಿ ಅವಳು ಬಸ್ ನಿಲ್ದಾಣದ ಕಡೆ ನಡೆದಳು, ಆ ಕೈಯನ್ನು ಯಾವುದಕ್ಕೂ ತಾಗಗೊಡದೆ, ಮೈಯಿಂದ ತುಸು ದೂರ ಹಿಡಿದುಕೊಂಡು.