ಕೋಟೆ ಬಾಗಿಲಾಚೆಯ ಮೂಳೆ

ಎಂಬತ್ಮೂರರ ಬೇಸಿಗೆಯಲ್ಲಿ ಲಕ್ಕವಳ್ಳಿ ಹಿನ್ನೀರು ಎಷ್ಟು ಇಳಿಯಿತೆಂದರೆ, ಮುಳುಗಿದ್ದ ನಡುಗಡ್ಡೆಯೊಂದು ಕಲ್ಲುಗೋಡೆಯ ಸಮೇತ ಮೇಲೆದ್ದಿತು. ಅದನ್ನು ಅಗೆಸಲು ಬಂದ ಇತಿಹಾಸದ ಮೇಷ್ಟ್ರು ತೀರ್ಥಪ್ಪನವರ ಹತ್ತಿರ ಈಶ್ವರಮ್ಮ ತಿಂಗಳಿಂದ ಕೂಲಿಗಿದ್ದಳು. ದಿನವೂ ತೆಪ್ಪದಲ್ಲಿ ಹೋಗಿ, ಕುಕ್ಕರಗಾಲಲ್ಲಿ ಕೂತು ಮಣ್ಣು ಕೆರೆಯುವುದು. ಮೈಯಲ್ಲಿ ಕಸುವೇ ಉಳಿದಿರಲಿಲ್ಲ.

ಅವತ್ತು ಬೆಳಿಗ್ಗೆ, ಯಗಟಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ತಿಮ್ಮಕ್ಕ ಎಂಬ ಮುದುಕಿ ಕೇರಿಯ ಬೋರಿಂಗಿನ ಹತ್ತಿರ ನೀರು ಕೇಳಿಕೊಂಡು ಬಂದು ನಿಂತಿದ್ದಳು. ಹಿನ್ನೀರಿನ ದಂಡೆಯ ಕೆಸರಲ್ಲಿ ಅವಳ ಎರಡು ಕುರಿ ಹೂತು ಸತ್ತಿದ್ದವಂತೆ. ಬೋರಿಂಗಂತೂ ನಾಲ್ಕು ಸಲ ಒತ್ತಿದರೆ ಒಂದು ಸಲ ಉಗುಳುತ್ತಿತ್ತು. ಬೇರೆ ಹೆಂಗಸರು ತಮ್ಮ ಕೊಡಗಳನ್ನು ಹತ್ತಿರ ಎಳೆದುಕೊಂಡರು. ಈಶ್ವರಮ್ಮನೇ ಬಾಯಿ ತೆರೆದಳು.

"ನಮಗೇ ಸಾಲದು ಕಣಜ್ಜಿ. ಮುಂದಕ್ಕೆ ಹೋಗು."

ಮಧ್ಯಾಹ್ನ ನಡುಗಡ್ಡೆಯಲ್ಲಿ, ಕೋಟೆಯ ಬಾಗಿಲಿನ ಹೊರಗೆ ಈಶ್ವರಮ್ಮನ ಕರಣೆಗೆ ಮೂಳೆ ತಗುಲಿತು. ಬೋರಲು ಬಿದ್ದ ಮನುಷ್ಯ. ಪಕ್ಕೆಲುಬಿನ ನಡುವೆ ಬಾಣದ ಮೊನೆ, ಕಂಕುಳಲ್ಲಿ ಬರಿಗಡಿಗೆ. ಗೋಡೆಯ ಒಳಗೆ ಕಾಳಿನ ಹಗೇವುಗಳು ಹೋದ ವಾರವೇ ಸಿಕ್ಕಿದ್ದವು.

ತೀರ್ಥಪ್ಪನವರು ಗುಂಡಿಯ ಅಂಚಲ್ಲಿ ಕೂತು ಹೇಳಿದರು. ಐನೂರು ವರ್ಷದ ಹಿಂದೆ ಈ ಸೀಮೆಯಲ್ಲಿ ಹತ್ತಿಪ್ಪತ್ತು ವರ್ಷ ಮಳೆಗಾಲವೇ ಕೆಟ್ಟಿತ್ತು. ಹಳೆಯ ಕೆರೆಗಳ ತಳದ ಹೂಳು ನೋಡಿದರೆ ಗೊತ್ತಾಗುತ್ತದೆ. ಕಾಳಿದ್ದವರು ಹೊಳೆಯ ನಡುವಿನ ಈ ದಿಬ್ಬ ಹತ್ತಿ ಗೋಡೆ ಕಟ್ಟಿದರು. ಇಲ್ಲದವರು ಹೊಳೆ ಈಜಿ ಬಂದರು.

"ಒಳಗಿದ್ದೋರು ಕೆಟ್ಟ ಜನಾನಾ ಸ್ವಾಮಿ?"

"ಹಂಗನ್ನೋಕಾಗಲ್ಲಮ್ಮ. ಒಳಗೂ ಮಕ್ಕಳಿದ್ವು. ಹೆದರಿದ್ರು, ಅಷ್ಟೇ."

ಅವಳು ಮತ್ತೆ ಕುಕ್ಕರಗಾಲಲ್ಲಿ ಕೂತಳು. ಸಂಜೆಯವರೆಗೂ ಬ್ರಷ್ ಹಿಡಿದು ಆ ಬೆನ್ನುಮೂಳೆಯ ಮಣ್ಣು ಬಿಡಿಸಿದಳು.

ಊರಿಗೆ ಬಂದು, ಕುರಿಯವರಿಗೂ ನಾಲ್ಕು ಕೊಡ ಬಿಡೋಣ ಎಂದು ಬೋರಿಂಗಿನ ಸಾಲಿನಲ್ಲಿದ್ದವರಿಗೆ ಹೇಳಿ ನೋಡಿದಳು. ಇವತ್ತು ಇವರಿಗೆ ಬಿಟ್ಟರೆ ನಾಳೆ ಯಗಟಿಗೆ ಯಗಟಿಯೇ ಬಂದು ಕೂರುತ್ತದೆ ಎಂದಳು ಪಕ್ಕದ ಮನೆಯ ಕರಿಬಸಮ್ಮ. ಅದೂ ಸುಳ್ಳಲ್ಲ. ವಾದ ಮಾಡಲು ಈಶ್ವರಮ್ಮನಿಗೆ ತ್ರಾಣವಿರಲಿಲ್ಲ. ತನ್ನ ಸರದಿಯ ಎರಡು ಕೊಡ ತುಂಬಿಸಿಕೊಂಡು, ಊರಾಚೆ ಕುರಿ ತರುಬಿದ್ದ ಹೊಲಕ್ಕೆ ನಡೆದಳು.

ತಿಮ್ಮಕ್ಕ ಅವಳನ್ನು ಗುರುತಿಸಿದಳು. ಆಗತಾನೇ ಈದ ಕುರಿಗೆ ಮೊದಲು ಕುಡಿಸಿ, ಉಳಿದದ್ದನ್ನು ತನ್ನ ಗಡಿಗೆಗೆ ಬಗ್ಗಿಸಿಕೊಂಡು, ಕೊಡಗಳನ್ನು ವಾಪಸು ಕೊಟ್ಟಳು. ಈಶ್ವರಮ್ಮ ಒಂದು ಮಾತಿಗಾಗಿ ಸ್ವಲ್ಪ ಹೊತ್ತು ಕಾದಳು. ಮುದುಕಿ ಆಗಲೇ ಮರಿಯ ಮೈ ಒರೆಸುತ್ತಿದ್ದಳು.

ತಿರುಗಿ ಬಂದಾಗ ಸಾಲು ಮತ್ತೆ ಬೆಳೆದಿತ್ತು. ಕೊಡಗಳನ್ನು ಕೊನೆಗಿಟ್ಟು ನೆಲದ ಮೇಲೆ ಕೂತಳು. ಅವಳ ಸರದಿ ಬರುವಷ್ಟರಲ್ಲಿ ಬೋರಿಂಗು ಕೆಂಪು ನೀರು ಕಕ್ಕುತ್ತಿತ್ತು. ಒಂದೇ ಕೊಡ ತುಂಬಿತು.