ಹಿಂದೆ ಬರುವವಳ ಹಿಂದೆ

ಆಂಟಾಪ್ ಹಿಲ್‌ನ ಚಾಳುಗಳಲ್ಲಿ ಯಾರಾದರೂ ಬಾಗಿಲು ತಟ್ಟಿ ಏನನ್ನಾದರೂ ಪುಕ್ಕಟೆಯಾಗಿ ಕೊಡಲು ಬಂದರೆ, ಮನೆಯವರು ಮೊದಲು ನೋಡುವುದು ಬಂದವರ ಮುಖವನ್ನಲ್ಲ. ಅವರ ಬೆನ್ನ ಹಿಂದೆ ಮತ್ತಾರು ನಿಂತಿದ್ದಾರೆ ಎಂಬುದನ್ನು. ಇಂದು ಕೊಟ್ಟವರು ನಾಳೆ ಏನು ಕೇಳುವರೋ ಎಂಬ ಶಂಕೆ ಅಲ್ಲಿಯ ಪ್ರತಿ ಹೊಸ್ತಿಲಲ್ಲೂ ಕಾವಲು ಕುಳಿತಿರುತ್ತದೆ.

ಡಿಸೆಂಬರಿನ ಒಂದು ಸಂಜೆ ಅಣವೀರಪ್ಪನ ಬಾಗಿಲಿಗೆ ಬಂದವಳು ರಾಧಿಕಾ. ಉಡುಪಿ ಕಡೆಯವಳು, ಪಕ್ಕದ ಬಿಲ್ಡಿಂಗಿನವಳು, ಆಸ್ಪತ್ರೆಯೊಂದರ ಅಪಘಾತ ವಿಭಾಗದಲ್ಲಿ ನರ್ಸ್. ಅವಳ ಅಂಗೈಯಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಒಂದು ಕೆಂಪು ದೀಪವಿತ್ತು.

"ಅಣವೀರಣ್ಣ, ಇಬ್ರೂ ರಾತ್ರಿ ಸೈಕಲಲ್ಲಿ ವಜ್ರೇಶ್ವರಿಗೆ ಹೋಗ್ತೀರಂತೆ? ನಮ್ಮ ಮಹಿಳಾ ಸಂಘದಿಂದ ಇದು ಕೊಡ್ತಿದ್ದೇವೆ. ಸೈಕಲ್ ಹಿಂದೆ ಸಿಕ್ಕಿಸಿ. ಸದ್ಯಕ್ಕೆ ಒಂದೇ ಉಳಿದದ್ದು, ಇನ್ನೊಂದು ಆಮೇಲೆ ತರ್ತೇನೆ."

ಸುದ್ದಿ ನಿಜವಾಗಿತ್ತು. ಅಣವೀರಪ್ಪ ಬೈಕುಲ್ಲಾದ ಮಾರುಕಟ್ಟೆಯಿಂದ ಹೋಟೆಲುಗಳಿಗೆ ಸೈಕಲ್ಲಿನಲ್ಲಿ ತರಕಾರಿ ಮುಟ್ಟಿಸುವವನು. ಅವನ ಹೆಂಡತಿ ನೀಲಾಬಾಯಿ ವಡಾಲಾದ ಮನೆಗಳಲ್ಲಿ ಅಡುಗೆ ಮಾಡುವವಳು. ಅವಳಿಗೂ ಸೈಕಲ್ ಇತ್ತು. ಲೋಕಲ್ ಹತ್ತಿದರೆ ಅವಳು ಲೇಡೀಸ್ ಡಬ್ಬಿಗೆ, ಅವನು ಜನರಲ್ ಡಬ್ಬಿಗೆ. ಮದುವೆಯಾದಾಗಿನಿಂದ ಈ ಊರಿನಲ್ಲಿ ಅವರು ಎಲ್ಲಿಗೂ ಜೊತೆಯಾಗಿ ಹೋದದ್ದಿಲ್ಲ. ಆದ್ದರಿಂದ ಥಂಡಿಯ ಒಂದು ರಾತ್ರಿ ಹೊರಟು, ಬೆಳಕು ಹರಿಯುವಾಗ ವಜ್ರೇಶ್ವರಿಯ ಬಿಸಿನೀರಿನ ಕುಂಡಗಳಲ್ಲಿ ಸ್ನಾನ ಮಾಡಬೇಕೆಂಬುದು ನೀಲಾಬಾಯಿಯ ಆಸೆ.

ಅಣವೀರಪ್ಪ ದೀಪವನ್ನು ಮುಟ್ಟಲಿಲ್ಲ. "ಪುಕ್ಕಟ ಯಾಕ ಕೊಡ್ತೀರಿ ಸಿಸ್ಟರ್? ಇವತ್ತ ದೀಪ ಕೊಡ್ತೀರಿ, ನಾಳೆ ಆಧಾರ್ ಕಾರ್ಡ್ ಕೇಳ್ತೀರಿ. ಇದರಾಗ ಸಿಮ್ಮ ಗಿಮ್ಮ ಇರ್ತದ. ನಾವ್ ಎಲ್ಲಿ ಹೋದ್ವಿ, ಎಲ್ಲಿ ಕುಂತ್ವಿ ಅಂತ ಯಾವನೋ ಕುಂತಲ್ಲೇ ನೋಡ್ತಾನ."

"ಅಯ್ಯೋ ಮಾರಾಯ್ರೇ, ನಿಮ್ಮ ಬದನೆಕಾಯಿ ಎಲ್ಲಿಗೆ ಹೋಗ್ತದೆ ಅಂತ ಯಾರಿಗೆ ಬೇಕು? ಒಳಗೆ ಸೆಲ್ಲು ಮಾತ್ರ ಇರುದು. ನೋಡಿ." ರಾಧಿಕಾ ಮುಚ್ಚಳ ತೆಗೆದು ತೋರಿಸಿದಳು.

"ಆ ಹಸರ ತುಂಡ ಏನದು?"

"ಅದು ಸರ್ಕ್ಯೂಟ್."

"ನೋಡ್ದಿ ಏನ?" ಅಣವೀರಪ್ಪ ಗೆದ್ದವನಂತೆ ಹೆಂಡತಿಯ ಕಡೆ ತಿರುಗಿದ. "ನಾ ಹೇಳ್ಲಿಲ್ಲ? ಏನೋ ಅದ ಒಳಗ."

ನೀಲಾಬಾಯಿ ನಕ್ಕಳು. ಅವಳ ಮನಸ್ಸೂ ಆ ಹಸಿರು ತುಂಡಿನ ಮೇಲೆ ಪೂರ್ತಿ ನಂಬಿಕೆಯಿಟ್ಟಿರಲಿಲ್ಲ.

"ಮತ್ತ ನನ್ನ ಹ್ಯಾಂಡಲ್‌ಗೆ ಬ್ಯಾಟರಿ ಅದ ಸಿಸ್ಟರ್. ನಸುಕಿನಾಗ ದಿನಾ ಹೋಗ್ತೀನಿ, ಇಲ್ಲೀತನ ಒಬ್ಬನೂ ಗುದ್ದಿಲ್ಲ" ಎಂದ ಅಣವೀರಪ್ಪ.

"ಅದು ಬೀದಿ ದೀಪ ಇರುವ ರಸ್ತೆ ಅಣ್ಣ. ನಿಮ್ಮ ಬ್ಯಾಟರಿ ನಿಮಗೆ ದಾರಿ ತೋರಿಸ್ತದೆ. ಹಿಂದಿನಿಂದ ಬರುವವರಿಗೆ ನಿಮ್ಮನ್ನು ತೋರಿಸುದು ಯಾರು?"

"ನನ್ನ ಹಿಂದ ಆಕಿ ಇರ್ತಾಳಲ್ಲ."

"ಅವರ ಹಿಂದೆ?"

"ಆಕಿ ಹಿಂದ ಯಾರ್ ಇರ್ತಾರ? ಯಾರೂ ಇಲ್ಲ."

ರಾಧಿಕಾ ದೀಪಕ್ಕೆ ಮತ್ತೆ ಮುಚ್ಚಳ ಹಾಕಿದಳು. "ನಮ್ಮ ವಾರ್ಡಿಗೆ ಬಂದವರ ಜೊತೆ ಡ್ರೈವರೂ ಬರ್ತಾನೆ ಅಣ್ಣ. ಎಲ್ರೂ ಹೇಳುದು ಒಂದೇ ಮಾತು, ಕಾಣಲೇ ಇಲ್ಲ ಅಂತ" ಎಂದು ಹೇಳಿ ಹೊರಟುಹೋದಳು. ಅವಳನ್ನು ಗಲ್ಲಿಯವರೆಗೆ ಕಳಿಸಲು ನೀಲಾಬಾಯಿ ಹೋದಳು.

ಭಾನುವಾರ ರಾತ್ರಿ ದಂಪತಿಗಳು ಹೊರಟರು. ಮುಂದೆ ಅಣವೀರಪ್ಪ, ಹಿಂದೆ ನೀಲಾಬಾಯಿ; ಗಂಡ ದಾರಿ ನೋಡಬೇಕು, ಹೆಂಡತಿ ಹಿಂಬಾಲಿಸಬೇಕು ಎಂಬುದು ಇಬ್ಬರಿಗೂ ಸಹಜವಾಗಿಯೇ ತೋರಿತು. ಚಳಿಗೆಂದು ಅವಳು ಕರಿಯ ಶಾಲು ಹೊದ್ದಿದ್ದಳು. ಕ್ಯಾರಿಯರ್‌ಗೆ ಕಟ್ಟಿದ್ದ ರೊಟ್ಟಿಯ ಚೀಲ ಜೋತುಬಿದ್ದು, ಮಡ್‌ಗಾರ್ಡಿನ ಕೆಂಪು ಗಾಜನ್ನು ಮುಚ್ಚಿತ್ತು. ಠಾಣೆ ಪಟ್ಟಣದವರೆಗೆ ಬೀದಿ ದೀಪಗಳು ಅವರನ್ನು ಕಾಯ್ದವು. ಭಿವಂಡಿಯ ಗೋದಾಮುಗಳನ್ನು ದಾಟಿದ ಮೇಲೆ ಕತ್ತಲೆ ರಸ್ತೆಯ ಎರಡೂ ಬದಿಯಿಂದ ಹತ್ತಿರಕ್ಕೆ ಸರಿಯಿತು.

ಅಲ್ಲಿಯೇ ಅಣವೀರಪ್ಪನಿಗೆ ಬೆನ್ನ ಹಿಂದೆ ಬ್ರೇಕಿನ ಚೀತ್ಕಾರ ಕೇಳಿಸಿತು. ಬಳಿಕ ಕಬ್ಬಿಣ ನೆಲಕ್ಕೆ ಬಿದ್ದ ಸದ್ದು.

ಅವನು ಸೈಕಲ್ ಬಿಟ್ಟು ಓಡಿದ. ಲಾರಿಯೊಂದು ರಸ್ತೆಯ ನಡುವೆ ನಿಂತಿತ್ತು. ಚಕ್ರದಿಂದ ಮೊಳದಷ್ಟು ದೂರದಲ್ಲಿ ನೀಲಾಬಾಯಿ ಮೊಣಕೈ ಹಿಡಿದುಕೊಂಡು ಕುಳಿತಿದ್ದಳು. ಡ್ರೈವರ್ ಕೆಳಗಿಳಿಯಲಿಲ್ಲ, ಗಾಜನ್ನು ಎರಡು ಬೆರಳಿನಷ್ಟು ಮಾತ್ರ ಇಳಿಸಿದ. ರಾತ್ರಿ ಅಡ್ಡ ಬಿದ್ದು ಹಣ ಕೀಳುವವರೆಂದು ಅವನು ಅವರನ್ನು ಬಗೆದಿದ್ದ.

"ಗ್ಯಾಂಗ್ ಹೈ ಕ್ಯಾ? ನಾಟಕ್ ಮತ್ ಕರೋ!"

ನೀಲಾಬಾಯಿ ತರಚಿದ ಕೈ ತೋರಿಸುತ್ತ ಎದ್ದು ನಿಂತಳು. "ಹಾಥ್ ಛಿಲ್ ಗಯಾ ಮೇರಾ, ಗ್ಯಾಂಗ್ ಬೋಲ್ತಾ! ಇಳಿ ಕೆಳಗ, ಮಾರಿ ನೋಡ್ತೀನಿ ನಿಂದು!"

ಆ ದನಿ ಕೇಳಿದ ಮೇಲೆ ಡ್ರೈವರ್‌ಗೆ ಇದು ನಾಟಕವಲ್ಲವೆಂದು ಖಾತ್ರಿಯಾಯಿತು. ಇಳಿದು ಬಂದು, ಕೈ ಮುಗಿದು, "ಭಾಭೀ, ದಿಖೀ ಹೀ ನಹೀ" ಎಂದ. ಕಾಣಲೇ ಇಲ್ಲ. ಅಣವೀರಪ್ಪ ಅವನ ಅಂಗಿ ಹಿಡಿದ. "ಇಷ್ಟ್ ದೊಡ್ಡ ಮನಶಾಳ ಕಾಣಂಗಿಲ್ಲೇನ? ಕುಡದೀ ಏನ? ದಾರೂ ಪಿಯಾ ಕ್ಯಾ?"

ಡ್ರೈವರ್ ಲಾರಿಯ ಬಾಗಿಲು ತೆರೆದ. ತನ್ನ ಸೀಟಿನಲ್ಲಿ ಕುಳಿತು ನೀವೇ ನೋಡಿ ಎಂದು ಕೈತೋರಿಸಿದ. ಕೂತೊಡನೆ ತನ್ನನ್ನು ಹೊತ್ತೊಯ್ದುಬಿಟ್ಟರೆ? ಅಣವೀರಪ್ಪ ಕೀಲಿಕೈಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿಯಲು ಹೋದ. ಕೀಲಿ ತೆಗೆದರೆ ದೀಪ ಆರುತ್ತದೆಂದು ಡ್ರೈವರ್ ತಡೆದ. ಕೊನೆಗೆ ಒಂದು ಕಾಲನ್ನು ಮೆಟ್ಟಿಲ ಮೇಲೆಯೇ ಇಟ್ಟುಕೊಂಡು ಅಣವೀರಪ್ಪ ಸೀಟಿನ ಅಂಚಿಗೆ ಕುಳಿತ. ನೀಲಾಬಾಯಿ ಸೈಕಲ್ ತಳ್ಳಿಕೊಂಡು ರಸ್ತೆಯ ಅಂಚಿನಲ್ಲಿ ಮುಂದೆ ನಡೆದಳು.

ಹೆಡ್‌ಲೈಟು ಡಾಂಬರನ್ನು ಸ್ವಲ್ಪ ದೂರದವರೆಗೆ ಬೆಳಗಿತ್ತು. ಅದರಾಚೆ ಅವನ ಹೆಂಡತಿ ಇರಬೇಕಾಗಿದ್ದಲ್ಲಿ ಏನೂ ಇರಲಿಲ್ಲ. ಅವನು ಕಣ್ಣು ಕಿರಿದು ಮಾಡಿದ, ಕಣ್ಣು ಉಜ್ಜಿದ. ಕರಿಯ ರಸ್ತೆ, ಕರಿಯ ಶಾಲು.

"ನೀಲಾ!"

"ಇಲ್ಲೇ ಅದೀನ್ರಿ" ಎಂದಿತು ಕತ್ತಲೆ.

ಅವನು ಇಳಿದು ಅವಳ ಬಳಿಗೆ ಓಡಿದ. ನೀಲಾಬಾಯಿ ರೊಟ್ಟಿಯ ಚೀಲಕ್ಕೆ ಕೈಹಾಕಿ, ಬಟ್ಟೆಯ ಮಡಿಕೆಯಿಂದ ಆ ಕೆಂಪು ದೀಪವನ್ನು ತೆಗೆದಳು.

"ಎಲ್ಲಿಂದ ಬಂತಿದು?"

"ಸಿಸ್ಟರ್ ಗಲ್ಲ್ಯಾಗ ಕೊಟ್ರು. ಹಚ್ಚಿದ್ರ ನೀವ್ ಸಿಟ್ಟಾಗ್ತೀರಿ. ಖುಷೀಲಿಂದ ಹೊಂಟೀವಿ, ದಾರ್ಯಾಗ ಜಗಳ ಯಾಕ ಅಂತ ಇಟ್ಕೊಂಡಿದ್ದೆ."

ಅಣವೀರಪ್ಪ ತಲೆ ತಗ್ಗಿಸಿ ಚೀಲವನ್ನು ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡ. ಅದು ಮುಚ್ಚಿದ್ದ ಮಡ್‌ಗಾರ್ಡಿನ ಕೆಂಪು ಗಾಜು ಹೊರಗೆ ಕಂಡಿತು. ದೀಪವನ್ನು ತಾನೇ ಅವಳ ಸೀಟಿನ ಕೆಳಗೆ ಸಿಕ್ಕಿಸಿ, ಮತ್ತೊಮ್ಮೆ ಲಾರಿ ಹತ್ತಿ ನೋಡಿದ. ಅವಳು ಮೊದಲಿಗಿಂತ ದೂರ ನಡೆದರೂ ಕೆಂಪು ಚುಕ್ಕೆ ಮಿಣುಕುತ್ತಲೇ ಇತ್ತು.

"ನೀ ಮುಂದ ಹೋಗು. ನಾ ಹಿಂದ ಬರ್ತೀನಿ" ಎಂದ.

"ನಿಮ್ಮ ಹಿಂದ ಏನದ?" ಎಂದಳು ನೀಲಾಬಾಯಿ. "ನೀವ್ ಕಾಣ್ತೀರೇನು? ನಿಮಗ ಏನಾರ ಆದ್ರ ನಾ ಒಬ್ಬಾಕಿ ಕುಂಡದಾಗ ಮುಳುಗಿ ಬರ್ಲೇನು?"

ಲಾರಿ ಹೋದ ಮೇಲೆ ಅಣವೀರಪ್ಪ ಬಿದ್ದಿದ್ದ ತನ್ನ ಸೈಕಲ್ಲನ್ನು ಎತ್ತಿ ತಂದ. ಇಬ್ಬರೂ ಸೈಕಲ್ ತಳ್ಳಿಕೊಂಡು ಹತ್ತಿರದ ಪೆಟ್ರೋಲ್ ಪಂಪಿಗೆ ಬಂದರು. ಅಲ್ಲಿ ಅವಳ ಮೊಣಕೈ ತೊಳೆದು, ಒಂದೇ ಶಾಲು ಹೊದ್ದು, ರೊಟ್ಟಿ ತಿಂದು, ಬೆಳಗಾಗುವವರೆಗೆ ಕುಳಿತರು. ಬಿಸಿನೀರು ಸೇರಿದಾಗ ಬಿಸಿಲೇರಿತ್ತು.

ಮರುದಿನ ಅಣವೀರಪ್ಪ ರಾಧಿಕಾಳ ಬಾಗಿಲು ತಟ್ಟಿದ. "ಸಿಸ್ಟರ್, ಇನ್ನೊಂದ್ ದೀಪ ಕೊಡ್ರಿ. ಹಿಂದ ಅಂಟಸೋ, ಬೆಳಕ ಬಿದ್ರ ಹೊಳಿಯೋ ಪಟ್ಟಿ ಇದ್ರ ಅದೂ ಕೊಡ್ರಿ. ಎಲ್ಲಿ ಸಹಿ ಮಾಡ್ಲಿ?"

"ಸಹಿ ಎಲ್ಲ ಬೇಡ ಮಾರಾಯ್ರೇ." ರಾಧಿಕಾ ದೀಪವನ್ನೂ ಪಟ್ಟಿಯನ್ನೂ ಅವನ ಕೈಗಿಟ್ಟಳು.

"ಬ್ಯಾಡೇನು?" ಎಂದು ಅವನು ಅವಳನ್ನು ಅನುಮಾನದಿಂದಲೇ ನೋಡಿದ. ಆದರೆ ದೀಪವನ್ನು ಬಿಡಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಮ್ಮ ಮಾತನ್ನೂ ನೀವು ಹಾಗೆಯೇ ನಂಬಬೇಡಿ, ಪರೀಕ್ಷಿಸಿ. ಇಂದು ಕತ್ತಲಾದ ಮೇಲೆ ನಿಮ್ಮ ಮನೆಯವರಿಗೆ ದಿನದ ಉಡುಪಿನಲ್ಲಿಯೇ ಸೈಕಲ್ ಕೊಟ್ಟು, ವಾಹನಗಳು ಬಾರದ, ದೀಪವಿಲ್ಲದ ಗಲ್ಲಿಯ ತುದಿಗೆ ಕಳಿಸಿ. ಹಿಂದೆ ನಿಂತು ನೋಡಿ. ಅವರು ನಿಮಗೆ ಕಾಣದಿದ್ದರೆ, ಅವರನ್ನು ಎಂದೂ ಕಂಡರಿಯದ ಲಾರಿಯವನಿಗೆ ಕಾಣುವುದು ಹೇಗೆ? ಹಿಂದೆ ಕೆಂಪು ದೀಪ ಹಚ್ಚಿ. ಹಿಂಬದಿಯ ಗಾಜನ್ನು ಚೀಲದಿಂದ ಮುಚ್ಚಬೇಡಿ. ರಾತ್ರಿ ಬಿಳಿಯದನ್ನು ಹೊದೆಯಿರಿ. ಪ್ರತಿ ಸೈಕಲ್ಲಿಗೂ ಅದರದೇ ದೀಪವಿರಲಿ. ಇಲ್ಲದವರು ಬೆಳಗಾಗುವವರೆಗೆ ಕಾಯಲಿ.