ಎರಡು ನಿಜ, ಒಂದು ಸುಳ್ಳು

"ಈಗ ನಿಮ್ಮ ಸರದಿ," ಎಂದು ತರಬೇತಿ ಕೊಡಲು ಬಂದಿದ್ದ ಹುಡುಗಿ ಬಣ್ಣದ ಚೆಂಡನ್ನು ಗುಬ್ಬಿಯ ಕಡೆಗೆ ಎಸೆದಳು. ಹಿಡಿದದ್ದು ಮಾತ್ರ ಪಕ್ಕದ ಕುರ್ಚಿಯಲ್ಲಿದ್ದ ಅತ್ತಿಗೆ. ಹಿಡಿದು, ಅದನ್ನು ಗುಬ್ಬಿಯ ಮಡಿಲಲ್ಲಿಟ್ಟಳು.

ಲಾಂಡ್ರಿಯ ಯಂತ್ರಗಳನ್ನೆಲ್ಲ ನಿಲ್ಲಿಸಿ, ಬಟ್ಟೆ ಮಡಿಸುವ ಕೋಣೆಯಲ್ಲಿ ಎಲ್ಲರೂ ದುಂಡಗೆ ಕೂತಿದ್ದರು. ಒಗ್ಗಟ್ಟು ಬೆಳೆಸುವ ಆಟಗಳಂತೆ. ಬೆಳಿಗ್ಗೆ ಕಾಗದದ ಲೋಟ ಪೇರಿಸಿ ಗೋಪುರ ಕಟ್ಟಿದ್ದಾಯಿತು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಬ್ಬರ ಹೆಗಲು ಒಬ್ಬರು ಹಿಡಿದು ನಡೆದದ್ದಾಯಿತು. "ನಮಗೆ ಒಗ್ಗಟ್ಟು ಕಲಿಸೋದು ಅಂದ್ರೆ ಕೋಳಿಗೆ ಕೆದಕೋದು ಕಲಿಸಿದ ಹಾಗೆ," ಎಂದು ಇಸ್ತ್ರಿಯ ಅಜ್ಜ ಗೊಣಗಿದ್ದ.

ಈಗಿನ ಆಟದಲ್ಲಿ ಪ್ರತಿಯೊಬ್ಬರೂ ತಮ್ಮ ಬಗ್ಗೆ ಮೂರು ಮಾತು ಹೇಳಬೇಕು. ಎರಡು ನಿಜ, ಒಂದು ಸುಳ್ಳು. ಸುಳ್ಳು ಎಷ್ಟನೆಯದೋ ಉಳಿದವರು ಅಷ್ಟು ಬೆರಳೆತ್ತಿ ತೋರಿಸಬೇಕು. ವ್ಯಾನಿನ ಡ್ರೈವರ್ "ನಾನು ಹೆಂಡತಿಗೆ ಹೆದರಲ್ಲ" ಎಂದು ಶುರುಮಾಡಿದಾಗ, ಮಿಕ್ಕ ಎರಡು ಮಾತಿಗೆ ಕಾಯದೆ ಎಲ್ಲರೂ ಒಂದೇ ಬೆರಳೆತ್ತಿ ಕೂಗಿದ್ದರು.

"ನಂಗೆ ಹೊಲಿಗೆ ಬರುತ್ತೆ..." ಎಂದಳು ಗುಬ್ಬಿ.

"ಎಲ್ಲಿ ಬರುತ್ತೆ? ಒಂದು ಗುಂಡಿ ಹಾಕೋಕೂ ನಾನೇ ಬೇಕು!" ಎಂದಳು ಅತ್ತಿಗೆ. ಕೋಣೆ ಗೊಳ್ಳೆಂದಿತು.

"ಮನೆಯವರು ಬಾಯಿ ಬಿಡೋ ಹಾಗಿಲ್ಲ," ತರಬೇತಿಯ ಹುಡುಗಿ ನಗುತ್ತಾ ಗದರಿದಳು. "ನೀವು ಮೊದಲಿಂದ ಹೇಳಿ."

ಅತ್ತಿಗೆ ಎಂದರೆ ಗಂಡನ ಅಕ್ಕ. ಮದುವೆಯಾಗಿ ಬಂದ ವರ್ಷವೇ ಗುಬ್ಬಿಯನ್ನು ಈ ಕೆಲಸಕ್ಕೆ ಸೇರಿಸಿದವಳು. ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಅಂದಿನಿಂದ ಅದರ ಒಂದು ತುದಿ ಅತ್ತಿಗೆಯದು, ಇನ್ನೊಂದು ಇವಳದು. ಬಸ್ಸಿನಲ್ಲಿ ಒಂದೇ ಸೀಟು, ಕಿಟಕಿಯ ಪಕ್ಕ ಅತ್ತಿಗೆ. ಊಟದ ಡಬ್ಬಿ ಒಂದೇ. ಮನೆಯಲ್ಲಿ ಇಬ್ಬರ ಹಾಸಿಗೆಗಳ ನಡುವೆ ಒಂದು ಗೋಡೆ. ಗುಬ್ಬಿ ರಾತ್ರಿ ಕೆಮ್ಮಿದರೆ ಗೋಡೆಯಾಚೆಯಿಂದ "ಬಿಸಿನೀರು ಕಾಯಿಸ್ಲಾ?" ಎಂಬ ಮಾತು ಬರುತ್ತಿತ್ತು. ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಹೊಳೆಯಾಚೆ ಲಾಂಡ್ರಿಯ ಹೊಸ ಶಾಖೆ ತೆರೆಯುವುದೆಂದು ಹಿಂದಿನ ದಿನ ಗೊತ್ತಾದಾಗ, ಅತ್ತಿಗೆ ಕೈ ತೊಳೆಯಲು ಹೋದ ಹೊತ್ತು ನೋಡಿ ಗುಬ್ಬಿ ಮ್ಯಾನೇಜರರ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟಿದ್ದಳು. "ಒಂದೇ ಜಾಗ ಇರೋದು. ಯೋಚನೆ ಮಾಡಿ ನಾಳೆ ಸಂಜೆಯೊಳಗೆ ಹೇಳಮ್ಮ," ಎಂದಿದ್ದರು ಅವರು. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ಬೇರೆ ಮನೆ ಬೇಕಿರಲಿಲ್ಲ, ಬೇರೆ ಗಂಡ ಬೇಕಿರಲಿಲ್ಲ. ಹಗಲಿನ ಹೊತ್ತು ತನ್ನನ್ನು ಅರಿಯದವರ ನಡುವೆ ಇರಬೇಕಿತ್ತು, ಅಷ್ಟೆ.

"ಚಿಕ್ಕವಳಿದ್ದಾಗ ಮರದಿಂದ ಬಿದ್ದು ಕೈ ಮುರ್ಕೊಂಡಿದ್ದೆ," ಎಂದಳು. "ಹಲ್ಲಿ ಕಂಡ್ರೆ ನಂಗೆ ಭಯ ಇಲ್ಲ."

ಇನ್ನೊಂದು ಉಳಿದಿತ್ತು. ಅದು ನಿಜವಾಗಿರಬೇಕು. ಹುಡುಕಿದರೆ, ಅತ್ತಿಗೆಗೆ ಗೊತ್ತಿಲ್ಲದ ನಿಜ ಅವಳ ಬಳಿ ಒಂದೇ ಒಂದು ಇತ್ತು. ಬಾಗಿಲಲ್ಲಿ ಮ್ಯಾನೇಜರರು ಚಹಾ ಕುಡಿಯುತ್ತಾ ನಿಂತಿದ್ದರು.

"ಹೊಳೆಯಾಚೆ ಶಾಖೆಗೆ ಹೋಗ್ತೀನಿ ಅಂತ ಕೇಳಿದೀನಿ."

ಡ್ರೈವರ್ ತೊಡೆ ತಟ್ಟಿಕೊಂಡು ನಕ್ಕ. "ರಸ್ತೆ ದಾಟೋಕೇ ಅತ್ತಿಗೆ ಕೈ ಬೇಕು, ನಮ್ಮ ಗುಬ್ಬಿ ಹೊಳೆ ದಾಟ್ತಾಳಂತೆ! ಮೂರನೇದೇ ಸುಳ್ಳು!" ಸುತ್ತಲೂ ಮೂರು ಮೂರು ಬೆರಳುಗಳೆದ್ದವು.

ಗುಬ್ಬಿ ಪಕ್ಕಕ್ಕೆ ತಿರುಗಿದಳು. ಅತ್ತಿಗೆಯೂ ಮೂರು ಬೆರಳೆತ್ತಿದ್ದಳು.

"ನೀವು ಸುಮ್ನಿರಬೇಕು ಅಂದಿದ್ನಲ್ಲ," ಎಂದಳು ಹುಡುಗಿ.

"ಬಾಯಿ ಬಿಟ್ಟಿಲ್ಲಮ್ಮ ನಾನು."

ಅತ್ತಿಗೆ ನಗುತ್ತಿರಲಿಲ್ಲ. ಹಿಂದಿನ ದಿನವಷ್ಟೇ ಅಡುಗೆಮನೆಯಲ್ಲಿ ಗುಬ್ಬಿ ಚೀರಿದಾಗ ಪೊರಕೆ ಹಿಡಿದು ಓಡಿ ಬಂದು ಹಲ್ಲಿ ಓಡಿಸಿದ್ದು ಇದೇ ಅತ್ತಿಗೆ. ಚಳಿಗೆ ನೋಯುವ ಆ ಮುರಿದ ಕೈಗೆ ಎಣ್ಣೆ ತಿಕ್ಕುತ್ತಿದ್ದುದೂ ಅವಳೇ. ಸುಳ್ಳು ಯಾವುದೆಂದು ಆ ಕೋಣೆಯಲ್ಲಿ ಖಚಿತವಾಗಿ ಗೊತ್ತಿದ್ದವಳು ಅವಳೊಬ್ಬಳೇ. ಆದರೂ ಆ ಮೂರು ಬೆರಳು ಇಳಿಯಲಿಲ್ಲ.

"ಹಾಗಾದ್ರೆ ನೀವೇ ಹೇಳಿಬಿಡಿ, ಸುಳ್ಳು ಯಾವುದು?" ಎಂದು ಹುಡುಗಿ ಗುಬ್ಬಿಯನ್ನು ಕೇಳಿದಳು.

ಮ್ಯಾನೇಜರರು ಲೋಟವನ್ನು ತುಟಿಯಿಂದ ತೆಗೆದರು. ಗುಬ್ಬಿ "ಎರಡ..." ಎಂದು ತುಟಿ ತೆರೆದಳು. ಅದು ಅವಳಿಗೂ ಕೇಳಿಸಲಿಲ್ಲ.

"ಮೂರನೇದು," ಎಂದಳು.

ಚಪ್ಪಾಳೆಯೋ ಚಪ್ಪಾಳೆ. "ನೋಡಿದ್ರಾ, ಒಬ್ಬರನ್ನೊಬ್ಬರು ಎಷ್ಟು ಚೆನ್ನಾಗಿ ತಿಳ್ಕೊಂಡಿದೀರ!" ಎಂದಳು ಹುಡುಗಿ. ಮ್ಯಾನೇಜರರು ಗುಬ್ಬಿಯನ್ನು ಒಮ್ಮೆ ನೋಡಿ, ಸರಿ ಎಂಬಂತೆ ತಲೆಯಾಡಿಸಿ, ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಹೋದರು. ಗುಬ್ಬಿ ಮಡಿಲಲ್ಲಿದ್ದ ಚೆಂಡನ್ನು ಯಾರ ಕಡೆಗೋ ಎಸೆದಳು.

ಮಧ್ಯಾಹ್ನ ಯಂತ್ರಗಳು ಮತ್ತೆ ಗುಡುಗತೊಡಗಿದವು. ಇಬ್ಬರೂ ಮೊದಲ ಬೆಡ್‌ಶೀಟು ಬಿಡಿಸಿ, ದೂರ ಸರಿದು, ಜಗ್ಗಿ ಹಿಡಿದರು. ಗುಬ್ಬಿ ಎಂದಿಗಿಂತ ಜೋರಾಗಿ ಜಗ್ಗಿದಳು. ಅತ್ತಿಗೆ ಒಂದು ಹೆಜ್ಜೆ ಮುಗ್ಗರಿಸಿದಳು.

"ಬಸ್ಸಲ್ಲಿ ಇವತ್ತಿಂದ ಕಿಟಕಿ ಹತ್ರ ನೀನೇ ಕೂತ್ಕೊಳೇ," ಎಂದಳು ಅತ್ತಿಗೆ.

ಗುಬ್ಬಿ ತುದಿ ಹಿಡಿದು ನಡೆದು ಬಂದು, ಎಂದಿನಂತೆ ಅದನ್ನು ಅತ್ತಿಗೆಯ ಕೈಗೆ ಕೊಟ್ಟಳು. ಇನ್ನೂ ಬಿಸಿಯಾಗಿದ್ದ ಬಟ್ಟೆಯ ಅಡಿಯಲ್ಲಿ ಅತ್ತಿಗೆಯ ಬೆರಳುಗಳು ಬಟ್ಟೆಯ ಜೊತೆಗೆ ಅವಳ ಬೆರಳುಗಳನ್ನೂ ಹಿಡಿದುಕೊಂಡವು. ಕೆಳಗೆ ಬುಟ್ಟಿಯಲ್ಲಿ ಮುಂದಿನ ಬೆಡ್‌ಶೀಟು ಕಾಯುತ್ತಿತ್ತು. ಆ ಬೆರಳುಗಳು ಬಿಡಲಿಲ್ಲ.